ಕ್ಯಾಮೆರಾಕ್ಕೆ ಸಾಲ ಬೇಡ

ಸಿರುಗುಪ್ಪದ ಓದುಗರೊಬ್ಬರ ಪತ್ರ: "ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ರೇಡಿಯೊ, ಟಿ.ವಿ., ಸಿನಿಮಾ ತಯಾರಿಕೆ ಓದುವಾಸೆ. ಬಳ್ಳಾರಿಯಲ್ಲೇ ಎಂ.ಎ. ಸೇರಲೋ, ಪುಣೆಗೆ ಹೋಗಲೋ? ಭತ್ತ ಮಾರಿದ ದುಡ್ಡಿಗೆ ಸಾಲ ಸೇರಿಸಿ ಕ್ಯಾಮೆರಾ ಕೊಡಿಸ್ತೀನಿ ಅಂತಾರೆ ಅಪ್ಪ. ತಮ್ಮ ಹತ್ತನೇ ತರಗತಿ, ಅವನಿಗೂ ಇದೇ ಹುಚ್ಚು."

ತಂಗಿ,

ಮೊದಲು ಅಪ್ಪನನ್ನು ತಡಿ. ಕಲಿಯುವಷ್ಟು ದಿನ ನಿನ್ನ ಕೈಯಲ್ಲಿರುವ ಫೋನೇ ಸಾಕು. ದುಡ್ಡು ಹಾಕಲೇಬೇಕಿದ್ದರೆ ಒಂದು ಮೈಕಿಗೆ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ಹಾಕು.

ಬಹಳ ವರ್ಷದ ಹಿಂದೆ ಸಂಡೂರಿನ ಕಡೆ ಬುರ್ರಕಥೆ ಹಾಡುವ ಅಜ್ಜಿಯೊಬ್ಬರನ್ನು ಚಿತ್ರೀಕರಿಸಲು ಹೋಗಿದ್ದೆ. ಮೇ ತಿಂಗಳ ಬಿಸಿಲು, ತಗಡಿನ ಮನೆ. ಅಜ್ಜಿಗೆ ಧಗೆಯಾದೀತೆಂದು ನಾನೇ ಟೇಬಲ್ ಫ್ಯಾನ್ ಹಾಕಿಸಿದೆ. ಎರಡು ತಾಸು ಹಾಡಿದರು. ತಂಬೂರಿ ಮೀಟುವ ಬೆರಳು, ಹಣೆಯ ಬೆವರು, ಚಿತ್ರವೆಲ್ಲ ಚೆನ್ನಾಗಿಯೇ ಬಂತು. ಊರಿಗೆ ಬಂದು ಕೇಳಿದರೆ, ಅವರು ದನಿ ತಗ್ಗಿಸಿ ಕಥೆ ಹೇಳಿದ ಕಡೆಯೆಲ್ಲ ಫ್ಯಾನಿನ ಗುಂಯ್ ಸದ್ದು. ಹೆಡ್‌ಫೋನ್ ಹಾಕಿಕೊಂಡಿದ್ದರೆ ಐದೇ ನಿಮಿಷಕ್ಕೆ ಗೊತ್ತಾಗುತ್ತಿತ್ತು. ಮರುವರ್ಷ ಹೋಗುವಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ಇವತ್ತಿಗೂ ಆ ಟೇಪು ಹಾಕಲು ನನಗೆ ಧೈರ್ಯ ಬರುವುದಿಲ್ಲ.

ಅದಕ್ಕೇ ಹೇಳುವುದು, ಶಬ್ದದಿಂದ ಶುರುಮಾಡು. ಫ್ಯಾನ್ ಆರಿಸು. ಮೈಕನ್ನು ಬಾಯಿಯ ಹತ್ತಿರ ತಾ, ಆದರೆ ಸೀರೆಯ ಸೆರಗು ಅದಕ್ಕೆ ಉಜ್ಜದಂತೆ ನೋಡಿಕೋ. ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ಕೂರಿಸಿ ಆ ಕೋಣೆಯ ಮೌನವನ್ನೇ ಅರ್ಧ ನಿಮಿಷ ಹಿಡಿದುಕೋ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಬೇಕಾಗುವುದು ಅದೇ.

ಇನ್ನು ಓದು. ಪುಣೆಯ ಎಫ್‌ಟಿಐಐ, ಅಂದರೆ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ, 1960ರಲ್ಲಿ ಶುರುವಾದದ್ದು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ ಎಲ್ಲವೂ ಪದವಿಯ ನಂತರದ ಮೂರು ವರ್ಷದ ಕೋರ್ಸುಗಳು, ಪ್ರವೇಶ ಪರೀಕ್ಷೆ ಬರೆಯಲೇಬೇಕು. ಶಬ್ದ ವಿಭಾಗಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಕೇಳುತ್ತಾ ಬಂದಿದ್ದಾರೆ, ಅರ್ಜಿ ಹಾಕುವ ಮುಂಚೆ ನೋಡಿಕೋ. ತಮ್ಮ ಹತ್ತನೇ ತರಗತಿ ಮುಗಿಸಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯ ಡಿಪ್ಲೊಮಾ ಸೇರಬಹುದು. ಅದರ ಬೇರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಕಲಿತದ್ದು ಅಲ್ಲೇ.

ನಿನಗೆ ನನ್ನ ಸಲಹೆ: ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗಕ್ಕೆ ಸೇರು. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371-ಜೆ ವಿಧಿಯ ಮೀಸಲಾತಿಯಿದೆ, ಮರೆಯಬೇಡ. ಪುಣೆಯ ಪರೀಕ್ಷೆಯನ್ನೂ ಬರೆ. ಕ್ಲಾಸಿನಲ್ಲಿ ಸಿದ್ಧಾಂತವೇ ಜಾಸ್ತಿ ಅನ್ನಿಸಿದರೆ ಬೇಸರ ಬೇಡ, ಹೊಸಪೇಟೆ ಆಕಾಶವಾಣಿ ದೂರವಿಲ್ಲ. ಅಲ್ಲಿ ನಿರೂಪಕರ ಧ್ವನಿಪರೀಕ್ಷೆಗೆ ಕರೆದಾಗ ಹೋಗು.

ಅಲ್ಲಿಯವರೆಗೆ ನಿನಗೊಂದು ಕೆಲಸ ಕೊಡುತ್ತೇನೆ. ನಿಮ್ಮೂರಲ್ಲಿ ಅಕ್ಕಿ ಗಿರಣಿಗಳಿಗೆ ಬರವೇ? ಒಂದು ದಿನ ಹೋಗಿ ಕೂಡು. ಲಾರಿ ಬರುವುದು, ಹಮಾಲರು ಚೀಲ ಎಣಿಸುವುದು, ಯಂತ್ರ ನಿಂತಾಗ ಅವರಾಡುವ ಮಾತು, ಇಷ್ಟೇ. ನಿರೂಪಣೆ ಬೇಡ, ಹಿನ್ನೆಲೆ ಸಂಗೀತ ಬೇಡ. ಐದು ನಿಮಿಷಕ್ಕೆ ಇಳಿಸಿ ನನಗೆ ಕಳಿಸು. ಹೆಡ್‌ಫೋನ್ ಹಾಕಿಕೊಂಡೇ ಕೇಳುತ್ತೇನೆ.

- ಸಂಪಾದಕ