ಮೊದಲ ಮಹಾಯುದ್ಧದ ವೇಳೆ ಫ್ರಾನ್ಸ್‌ನಲ್ಲಿ ನಡೆದ ಸೋಮ್ ಕದನದಲ್ಲಿ ವಾರವಿಡೀ ಶೆಲ್ ಸುರಿದರೂ ಜರ್ಮನ್ನರ ಮುಳ್ಳುತಂತಿ ಯಾಕೆ ಕಡಿಯಲಿಲ್ಲ?

ಶೆಲ್‌ಗಳ ಸಂಖ್ಯೆಗೇನೂ ಕೊರತೆಯಿರಲಿಲ್ಲ. 1916ರ ಜೂನ್ 24ರಿಂದ ಜುಲೈ 1ರ ದಾಳಿಯವರೆಗೆ ಬ್ರಿಟಿಷರು ಸುಮಾರು 15 ಲಕ್ಷ ಶೆಲ್ ಹಾರಿಸಿದರು. ಎಡವಟ್ಟಾಗಿದ್ದು ಶೆಲ್‌ನ ಬಗೆಯಲ್ಲಿ ಮತ್ತು ಅದನ್ನು ಸಿಡಿಸುವ ಸಾಧನವಾದ ಫ್ಯೂಸ್‌ನಲ್ಲಿ.

ತಂತಿ ಕಡಿಯುವ ಕೆಲಸ ಬಹುಪಾಲು 18 ಪೌಂಡರ್ (ಸುಮಾರು 18 ಪೌಂಡ್ ತೂಕದ ಶೆಲ್ ಹಾರಿಸುವ) ಫಿರಂಗಿಯ ಶ್ರಾಪ್ನೆಲ್ ಶೆಲ್ ಪಾಲಿಗೆ ಬಂದಿತ್ತು. ಅದರೊಳಗೆ ಸುಮಾರು 375 ಸೀಸದ ಗುಂಡುಗಳು, ಅವುಗಳ ಹಿಂದೆ ಸ್ವಲ್ಪ ಮದ್ದು, ಮೂತಿಯಲ್ಲಿ ಮೊದಲೇ ಹೊಂದಿಸಿದ ಸಮಯಕ್ಕೆ ಸಿಡಿಸುವ ಟೈಮ್ ಫ್ಯೂಸ್. ತಂತಿಗೆ ತುಸು ಮುಂಚೆ, ನೆಲಕ್ಕೆ ಹತ್ತಿರದಲ್ಲೇ ಸಿಡಿದರೆ ಮಾತ್ರ ಗುಂಡುಗಳು ಒತ್ತಾಗಿ ಬಡಿದು ತಂತಿ ಹರಿಯುತ್ತದೆ. ಕಣ್ಣೆವೆ ಮುಚ್ಚುವಷ್ಟು ಬೇಗ ಸಿಡಿದರೂ ಗುಂಡುಗಳು ಚದುರಿ ಹೋಗುತ್ತವೆ, ತಡವಾದರೆ ಮಣ್ಣು ಸೇರುತ್ತವೆ. ಇಷ್ಟು ನಿಖರತೆಯನ್ನು ಅವಸರದಲ್ಲಿ ತರಬೇತಾದ ಗೋಲಂದಾಜರಿಂದ, ಸವೆದ ನಳಿಕೆಗಳಿಂದ ನಿರೀಕ್ಷಿಸಿದ್ದೇ ತಪ್ಪು.

ಗುಂಡುಗಳ ಬದಲು ಪ್ರಬಲ ಸ್ಫೋಟಕ ತುಂಬಿದ ಹೈ ಎಕ್ಸ್‌ಪ್ಲೋಸಿವ್ ಶೆಲ್‌ಗಳೂ ಇದ್ದವು. ಆದರೆ ಅವುಗಳ ಫ್ಯೂಸ್ ನಿಧಾನ. ನೆಲ ಹೊಕ್ಕ ಮೇಲೆ ಸಿಡಿದು ಗುಂಡಿ ತೋಡುತ್ತಿದ್ದವು, ತಂತಿ ಮೇಲೆದ್ದು ಮತ್ತೆ ಅಲ್ಲೇ ಬೀಳುತ್ತಿತ್ತು. ಸಿಡಿಯದೆ ಉಳಿದ ಶೆಲ್‌ಗಳೂ ಅಪಾರ.

ಇನ್ನು ಸೀಮೆಸುಣ್ಣದ ನೆಲದಲ್ಲಿ ಕೆಲವೆಡೆ 9 ಮೀಟರ್ ಆಳಕ್ಕೆ ಕೊರೆದ ಜರ್ಮನ್ ಅಡಗುತಾಣಗಳನ್ನು ಒಡೆಯಲು ಭಾರೀ ಫಿರಂಗಿಗಳು ಸಾಕಷ್ಟಿರಲಿಲ್ಲ. ಶೆಲ್ ದಾಳಿ ಮುಂದಕ್ಕೆ ಸರಿದ ಕೂಡಲೇ ಜರ್ಮನ್ ಸೈನಿಕರು ಮೆಷಿನ್‌ಗನ್ ಹೊತ್ತು ಮೇಲೆ ಬಂದರು. ಆ ಒಂದೇ ದಿನ ಬ್ರಿಟಿಷರ ಕಡೆ 19,240 ಮಂದಿ ಸತ್ತರು.

ಬ್ರಿಟಿಷ್ ಸಾಲಿನ ದಕ್ಷಿಣ ತುದಿಯ ಮೊಂಟೊಬಾನ್ ಹಳ್ಳಿಯ ಬಳಿ ಫ್ರೆಂಚರ ಭಾರೀ ಫಿರಂಗಿಗಳ ನೆರವಿತ್ತು. ಅಲ್ಲಿ ಬ್ರಿಟಿಷರು ಗುರಿ ಮುಟ್ಟಿದರು. ತಾಗಿದ ತಕ್ಷಣ ಸಿಡಿಯುವ 106ನೇ ನಂಬರಿನ ಫ್ಯೂಸ್ ವ್ಯಾಪಕವಾಗಿ ಬಳಕೆಗೆ ಬಂದದ್ದು 1917ರಲ್ಲಿ.