ಪಾವತಿಸಿದ ಆಸ್ತಿ ತೆರಿಗೆ: ಕಾಯ್ದೆ ಹಿಂದಿನ ದಿನಾಂಕದಿಂದ ಬದಲಾದರೆ ಹಣ ವಾಪಸ್ ಸಿಗುತ್ತದೆಯೇ?

ಪ್ರಶ್ನೆ: ನಗರಸಭೆಯವರು ಮೂರು ವರ್ಷ ಹೆಚ್ಚಿಗೆ ವಸೂಲು ಮಾಡಿದ ಆಸ್ತಿ ತೆರಿಗೆಯನ್ನು ಹೈಕೋರ್ಟ್ ಅಸಿಂಧು ಎಂದಿತು. ವಾಪಸ್ ಕೇಳಿದರೆ, ‘ಸರ್ಕಾರ ಪೂರ್ವಾನ್ವಯ (ಹಿಂದಿನ ದಿನಾಂಕದಿಂದಲೇ ಅನ್ವಯಿಸುವ) ತಿದ್ದುಪಡಿ ತಂದಿದೆ, ಇನ್ನು ಕೊಡುವುದಿಲ್ಲ’ ಎನ್ನುತ್ತಾರೆ. ಹಾಗಾದರೆ ಕೋರ್ಟ್ ತೀರ್ಪಿಗೆ ಬೆಲೆಯೇ ಇಲ್ಲವೇ?

ಉತ್ತರ: ಬೆಲೆ ಇದೆ. ಆದರೆ ತಿದ್ದುಪಡಿಯಲ್ಲಿ ಏನು ಬರೆದಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಂವಿಧಾನದ 265ನೇ ವಿಧಿಯ ಪ್ರಕಾರ ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹೇರುವಂತಿಲ್ಲ, ವಸೂಲು ಮಾಡುವಂತಿಲ್ಲ. ಆದರೆ ಆ ಆಧಾರವನ್ನು ಹಿಂದಿನ ದಿನಾಂಕದಿಂದ ಒದಗಿಸುವ ಅಧಿಕಾರ ಶಾಸನಸಭೆಗೆ ಇದೆ.

ಇದಕ್ಕೆ ಮೂಲ ತೀರ್ಪು ಬಂದಿದ್ದೇ ಆಸ್ತಿ ತೆರಿಗೆಯ ಮೊಕದ್ದಮೆಯಲ್ಲಿ. ಗುಜರಾತಿನ ಭರೂಚ್ ಪುರಸಭೆ ಕಾರ್ಖಾನೆ ಕಟ್ಟಡಗಳ ಮೇಲೆ ಬಂಡವಾಳ ಮೌಲ್ಯದ (ಆಸ್ತಿಯ ಒಟ್ಟು ಬೆಲೆಯ) ಲೆಕ್ಕದಲ್ಲಿ ‘ರೇಟ್’ ಎಂಬ ತೆರಿಗೆ ಹಾಕಿತ್ತು. ಕಾನೂನಿನಲ್ಲಿ ‘ರೇಟ್’ ಎಂದರೆ ವಾರ್ಷಿಕ ಬಾಡಿಗೆ ಮೌಲ್ಯದ ಮೇಲಿನ ತೆರಿಗೆ ಎಂದು ಸುಪ್ರೀಂ ಕೋರ್ಟ್ ಅಹಮದಾಬಾದಿನ ಪ್ರಕರಣದಲ್ಲಿ ಹೇಳಿತ್ತು. ಅಂದರೆ ಭರೂಚ್ ವಸೂಲಿ ಬಿದ್ದೇ ಹೋಗಬೇಕಿತ್ತು. ಗುಜರಾತ್ ಸರ್ಕಾರ 1963ರಲ್ಲಿ ಸಿಂಧುಗೊಳಿಸುವ ಕಾಯ್ದೆ ತಂದು, ಬಂಡವಾಳ ಮೌಲ್ಯದ ಮೇಲೆ ಹಾಕಿದ ತೆರಿಗೆಗೂ ಹಿಂದಿನಿಂದಲೇ ಅನ್ವಯಿಸುವಂತೆ ಆಧಾರ ಕಟ್ಟಿಕೊಟ್ಟಿತು. 1969ರಲ್ಲಿ ಪೃಥ್ವಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ‘ಕೋರ್ಟ್ ತೀರ್ಪು ಬಂಧಕವಲ್ಲ’ ಎಂದು ಘೋಷಿಸಿದರೆ ಸಾಲದು. ಕೋರ್ಟ್ ಎತ್ತಿ ತೋರಿಸಿದ ದೋಷವನ್ನೇ ಸರಿಪಡಿಸಿರಬೇಕು.

ಆದ್ದರಿಂದ ತಿದ್ದುಪಡಿ ಪ್ರಕಟವಾದ ರಾಜ್ಯಪತ್ರದ (ಗೆಜೆಟ್) ಪ್ರತಿ ತೆಗೆದುಕೊಂಡು, ತೀರ್ಪು ಪಕ್ಕದಲ್ಲಿಟ್ಟು ಓದಿ. ವಿಧಾನಮಂಡಲ ಮಾಡಿದ ಕಾಯ್ದೆಯೋ, ಬರೀ ನಿಯಮ ಅಥವಾ ನಗರಸಭೆಯ ನಿರ್ಣಯವೋ? ಮೂಲ ಕಾಯ್ದೆ ಅನುಮತಿ ಕೊಡದ ಹೊರತು ನಿಯಮಗಳಿಗೆ ಪೂರ್ವಾನ್ವಯ ಕೊಡುವಂತಿಲ್ಲ. ನಿರ್ಣಯವಂತೂ ಹಿಂದಕ್ಕೆ ಹೋಗಿ ತೆರಿಗೆ ಹೇರಲಾರದು. ಕೌಂಟರಿನಲ್ಲಿ ಹೇಳುವ ‘ತಿದ್ದುಪಡಿ’ ನಿಜಕ್ಕೂ ಬರೀ ಸುತ್ತೋಲೆ ಆಗಿರಬಹುದು. ಪ್ರತಿ ಕೇಳದೆ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ನಮ್ಮಲ್ಲಿ ಉಲ್ಟಾ. ದರ ಪೂರ್ವಾನ್ವಯವಾಗಿ ಇಳಿದಿದೆ. ಮುಂದಿನ ವರ್ಷಕ್ಕೆ ಹೊಂದಿಸಿಕೊಳ್ಳುತ್ತೇವೆ ಎನ್ನುತ್ತಾರೆ. ಒಪ್ಪಬೇಕೇ?

ಉತ್ತರ: ತಿದ್ದುಪಡಿಯಲ್ಲಿ ಎರಡು ವಾಕ್ಯ ಹುಡುಕಿ. ಒಂದು, ‘...ದಿನಾಂಕದಿಂದ ಜಾರಿಗೆ ಬಂದಿದೆಯೆಂದು ಭಾವಿಸತಕ್ಕದ್ದು’. ಇನ್ನೊಂದು, ಹೆಚ್ಚಿಗೆ ಬಂದ ಹಣವನ್ನು ಮರುಪಾವತಿಸಬೇಕೋ, ಹೊಂದಾಣಿಕೆ ಮಾಡಬೇಕೋ ಎಂಬ ಮಾತು. ಹೊಂದಾಣಿಕೆ ಮಾತ್ರ ಎಂದಿದ್ದರೆ ನಗದಿಗೆ ಹಟ ಹಿಡಿಯುವುದು ಕಷ್ಟ. ಆದರೆ ಮನೆ ಮಾರುವವರು ಎಚ್ಚರ: ಹೊಂದಾಣಿಕೆ ಆಸ್ತಿಯ ಖಾತೆಗೆ ಹೋಗುತ್ತದೆ, ನಿಮ್ಮ ಜೇಬಿಗಲ್ಲ. ನೀವು ಕಟ್ಟಿದ್ದರ ಲಾಭ ಕೊಂಡವರಿಗೆ ಸೇರುತ್ತದೆ. ಕ್ರಯಪತ್ರದಲ್ಲಿ ಈ ಹಣ ಯಾರದೆಂದು ಒಂದು ಸಾಲು ಬರೆಸಿ.

ಲೆಕ್ಕದಲ್ಲಿ ಜನ ತಪ್ಪುವುದು ಉಪಕರದಲ್ಲಿ (ಸೆಸ್). ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಒಟ್ಟು ಶೇ 24 ಹಾಕಿರುವ ರಸೀದಿ ಇದೆ ಎಂದುಕೊಳ್ಳಿ. ತೆರಿಗೆ ವರ್ಷಕ್ಕೆ 3,000 ರೂಪಾಯಿ ಇಳಿದರೆ ಉಪಕರವೂ 720 ಇಳಿಯಬೇಕು. ಮೂರು ವರ್ಷಕ್ಕೆ ನಿಮಗೆ ಬರಬೇಕಾದ್ದು 9,000 ಅಲ್ಲ, 11,160. ತಡವಾಗಿ ಕಟ್ಟಿದ್ದಕ್ಕೆ ಹಳೆಯ ದರದ ಮೇಲೆ ಹಾಕಿದ ಬಡ್ಡಿ ಮತ್ತು ದಂಡವನ್ನೂ ಮರುಲೆಕ್ಕ ಮಾಡಿಸಿ.

ಪ್ರಶ್ನೆ: ಪಕ್ಕದ ಮನೆಯವರು ಕೇಸು ಗೆದ್ದಿದ್ದಾರೆ. ನಾನು ತಕರಾರಿಲ್ಲದೆ ಕಟ್ಟಿದ್ದೆ. ನನಗೂ ಸಿಗಬೇಕಲ್ಲವೇ?

ಉತ್ತರ: ತಾನಾಗಿಯೇ ಸಿಗುವುದಿಲ್ಲ. 1996ರ ಮಫತ್‌ಲಾಲ್ ಇಂಡಸ್ಟ್ರೀಸ್ ಪ್ರಕರಣ ಅಬಕಾರಿ, ಸೀಮಾ ಸುಂಕಗಳದ್ದು. ಅದರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬೇರೊಬ್ಬರ ಪ್ರಕರಣದ ತೀರ್ಪನ್ನು ಹಿಡಿದು ಮರುಪಾವತಿ ಕೇಳಲಾಗದು ಎಂದಿತು. ನಗರಸಭೆಯ ವಕೀಲರು ಇದನ್ನೇ ಮುಂದಿಡುತ್ತಾರೆ. ಕಾನೂನಿನ ತಪ್ಪು ತಿಳುವಳಿಕೆಯಿಂದ ಕಟ್ಟಿದ ಹಣವನ್ನು ಹಿಂದಿರುಗಿಸಬೇಕು ಎಂದು ಕರಾರು ಕಾಯ್ದೆಯ 72ನೇ ಕಲಮು ಹೇಳುತ್ತದೆ. ಹಾಗೆ ದಾವೆ ಹೂಡಲು ಕಾಲಮಿತಿ ಮೂರು ವರ್ಷ. ತಪ್ಪು ಗೊತ್ತಾದ ದಿನದಿಂದ ಎಣಿಸಲು ಕಾಲಮಿತಿ ಕಾಯ್ದೆಯ 17ನೇ ಕಲಮಿನಲ್ಲಿ ಅವಕಾಶವಿದ್ದರೂ, ಅದನ್ನು ನಂಬಿ ಕೂರಬೇಡಿ. ಹಣ ಕಟ್ಟಿದ ದಿನದಿಂದಲೇ ಎಣಿಸಿಕೊಳ್ಳಿ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯಲ್ಲೂ ವಿಳಂಬವನ್ನು ಅಳೆಯಲು ಕೋರ್ಟುಗಳು ಸಾಮಾನ್ಯವಾಗಿ ಈ ಮೂರು ವರ್ಷವನ್ನೇ ನೋಡುತ್ತವೆ. ನೆರೆಯವರ ಮೇಲ್ಮನವಿ ಮುಗಿಯಲಿ ಎಂದು ಕಾದು ಹಕ್ಕು ಕಳೆದುಕೊಳ್ಳುವುದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಅದನ್ನು ತಪ್ಪಿಸಲು ಒಂದು ಪತ್ರದಿಂದ ಶುರುಮಾಡಿದರೆ ಸಾಕಿತ್ತು.

ವಿವಾದ ಇನ್ನೂ ನಡೆಯುತ್ತಿದ್ದರೆ ಈ ವರ್ಷದ ತೆರಿಗೆಯನ್ನು ‘ಪ್ರತಿಭಟನೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆದು ಕಟ್ಟಿ. ಆನ್‌ಲೈನಿನಲ್ಲಿ ಅದಕ್ಕೆ ಜಾಗವಿಲ್ಲದಿರಬಹುದು. ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ, ಚಲನ್ ಸಂಖ್ಯೆ ನಮೂದಿಸಿ. ಕಟ್ಟದೆ ಉಳಿಸಿಕೊಂಡರೆ ದಂಡ ಬೆಳೆಯುತ್ತದೆ.

ಪ್ರಶ್ನೆ: ಬಾಡಿಗೆದಾರರಿಂದ ತೆರಿಗೆ ವಸೂಲು ಮಾಡಿ ಕಟ್ಟಿದ್ದೇನೆ. ಮರುಪಾವತಿ ಯಾರಿಗೆ?

ಉತ್ತರ: ಹೊರೆ ಹೊತ್ತವರಿಗೆ. ಬಾಡಿಗೆದಾರರಿಗೆ ಹಿಂದಿರುಗಿಸದಿದ್ದರೆ ಅದು ಅನ್ಯಾಯದ ಲಾಭವೆಂದು ನಿಮ್ಮ ಬೇಡಿಕೆ ತಿರಸ್ಕೃತವಾಗಬಹುದು. ಸ್ವಂತ ವಾಸದ ಮನೆಗೆ ಈ ಅಡ್ಡಿ ಇಲ್ಲ.

ಪ್ರಶ್ನೆ: ಅರ್ಜಿ ಹೇಗೆ ಬರೆಯುವುದು?

ಉತ್ತರ: ಒಂದೇ ಪುಟ ಸಾಕು. ಆಸ್ತಿ ಗುರುತಿನ ಸಂಖ್ಯೆ, ವರ್ಷವಾರು ಕಟ್ಟಿದ ಮೊತ್ತ, ದಿನಾಂಕ, ಚಲನ್ ಸಂಖ್ಯೆ, ಸರಿಯಾಗಿ ಬರಬೇಕಿದ್ದ ಮೊತ್ತ, ವ್ಯತ್ಯಾಸ. ಅದರ ಕೆಳಗೆ ಯಾವ ಕಲಮಿನ ಅಡಿ ಕೇಳುತ್ತಿದ್ದೀರಿ ಎಂಬುದು. ಕೊನೆಯಲ್ಲಿ ‘ಈ ಪತ್ರದ ದಿನಾಂಕದಿಂದ ಬಡ್ಡಿ ಕೇಳುತ್ತೇನೆ’ ಎಂಬ ಸಾಲು ಇರಲೇಬೇಕು. ಲಿಖಿತ ಕರಾರಿಲ್ಲದ ಕಡೆ 1978ರ ಬಡ್ಡಿ ಕಾಯ್ದೆಯಂತೆ ಕೋರ್ಟ್ ಬಡ್ಡಿಯನ್ನು ಲೆಕ್ಕ ಹಾಕುವುದು ಇಂಥ ನೋಟಿಸಿನ ದಿನಾಂಕದಿಂದ. ಮೂಲ ರಸೀದಿ ಕೊಡಬೇಡಿ, ನಕಲು ಲಗತ್ತಿಸಿ. ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅರ್ಜಿಯ ಸ್ಥಿತಿ ಮತ್ತು ಕಡತದ ಟಿಪ್ಪಣಿಗಳನ್ನು ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರಿಸಬೇಕು. ಕಡತದಲ್ಲಿ ಗುಮಾಸ್ತರು ‘ಪರಿಶೀಲಿಸಿ’ ಎಂದು ಬರೆದು ಎಲ್ಲಿ ನಿಲ್ಲಿಸಿದ್ದಾರೆ ಎಂಬುದು ಅದರಲ್ಲಿ ಕಾಣುತ್ತದೆ. ದಾವೆ ಹೂಡುವ ಮುನ್ನ ಸ್ಥಳೀಯ ಸಂಸ್ಥೆಗೆ ಶಾಸನಬದ್ಧ ನೋಟಿಸ್ ಕೊಡಬೇಕಾಗಬಹುದು. ಆ ಅವಧಿಯನ್ನೂ ಮೂರು ವರ್ಷದ ಲೆಕ್ಕದೊಳಗೇ ಇಟ್ಟುಕೊಂಡು ವಕೀಲರನ್ನು ಕಾಣಿ.