ಹಳೇ ಜಾಜ್ ಪ್ಲೇಟಿನಲ್ಲಿ ಡ್ರಮ್ ಯಾಕೆ ಕೇಳಲ್ಲ?

ಪ್ರಶ್ನೆ: 1923ರಲ್ಲಿ ಕಿಂಗ್ ಆಲಿವರ್ ಬ್ಯಾಂಡ್ ಮಾಡಿದ ರೆಕಾರ್ಡಿಂಗ್ ಕೇಳಿದೆ. ಕಾರ್ನೆಟ್ (ಟ್ರಂಪೆಟ್‌ನಂಥ ವಾದ್ಯ), ಕ್ಲಾರಿನೆಟ್ ಚೆನ್ನಾಗಿ ಕೇಳುತ್ತವೆ. ಡ್ರಮ್ ಜಾಗದಲ್ಲಿ ಬರೀ ಟಕ್ ಟಕ್ ಸದ್ದು. ಆಗಿನ ಮೈಕುಗಳು ಅಷ್ಟು ಕಳಪೆಯಾಗಿದ್ದವಾ? (ಮೈಸೂರಿನ ಓದುಗರು)

ಉತ್ತರ: ಮೈಕೇ ಇರಲಿಲ್ಲ! ಅಮೆರಿಕದ ಇಂಡಿಯಾನಾ ರಾಜ್ಯದ ರಿಚ್ಮಂಡ್‌ನಲ್ಲಿ ಜೆನೆಟ್ ಕಂಪನಿಯ ಸ್ಟುಡಿಯೋ ಇತ್ತು. ಅಲ್ಲಿ ಬ್ಯಾಂಡಿನವರು ಕಹಳೆಯಂಥ ದೊಡ್ಡ ಕೊಳವೆಯ ಕಡೆ ಮುಖ ಮಾಡಿ ನುಡಿಸುತ್ತಿದ್ದರು. ಕೊಳವೆಯ ಸಣ್ಣ ತುದಿಯಲ್ಲಿ ಒಂದು ತೆಳು ಪೊರೆ, ಅದಕ್ಕೊಂದು ಮುಳ್ಳು. ಸದ್ದಿಗೆ ಪೊರೆ ಅದುರಿದಂತೆ ಮುಳ್ಳು ತಿರುಗುವ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ನಡುವೆ ಕರೆಂಟಿನ ಕೆಲಸವೇ ಇಲ್ಲ. ಪಕ್ಕದ ಹಳಿಯಲ್ಲಿ ರೈಲು ಬಂದರೆ ರೆಕಾರ್ಡಿಂಗ್ ನಿಲ್ಲಿಸಬೇಕಿತ್ತು.

ಈ ಏರ್ಪಾಟಿಗೆ ತಗ್ಗಿನ ಸ್ವರಗಳು ಸರಿಯಾಗಿ ಸಿಗುತ್ತಿರಲಿಲ್ಲ. ಮೇಲಾಗಿ ದೊಡ್ಡ ಡ್ರಮ್ಮಿಗೆ ಜೋರಾಗಿ ಬಾರಿಸಿದರೆ ಮುಳ್ಳು ಎಗರಿ ಮೇಣ ಹಾಳಾಗುವ ಭಯ. ಹಾಗಾಗಿ ಬ್ಯಾಂಡಿನ ಡ್ರಮ್ಮರ್ ಬೇಬಿ ಡಾಡ್ಸ್ ಅಲ್ಲಿ ಮರದ ತುಂಡು ಬಾರಿಸಿದರು. ನೀವು ಕೇಳಿದ ಟಕ್ ಟಕ್ ಅದೇ. ಎರಡನೇ ಕಾರ್ನೆಟ್ ಲೂಯಿ ಆರ್ಮ್‌ಸ್ಟ್ರಾಂಗ್ ಅವರದು. ಅವರ ಊದು ಎಷ್ಟು ಜೋರಿತ್ತೆಂದರೆ, ಎಲ್ಲರಿಗಿಂತ ಎಷ್ಟೋ ಅಡಿ ಹಿಂದೆ ನಿಲ್ಲಿಸಿದ್ದರು ಎಂದು ಪಿಯಾನೋ ನುಡಿಸಿದ ಲಿಲ್ ಹಾರ್ಡಿನ್ ಮುಂದೆ ಹೇಳಿದ್ದಾರೆ. ಈಗ ಗುಂಡಿ ತಿರುಗಿಸಿ ಮಾಡುವ ಮಿಕ್ಸಿಂಗನ್ನು ಆಗ ಕಾಲಲ್ಲೇ ಮಾಡುತ್ತಿದ್ದರು: ಜೋರಿನವರು ಹಿಂದೆ, ಮೆಲ್ಲಗಿನವರು ಮುಂದೆ.

ನಿಮ್ಮೂರಿಗೂ ಇದರ ನಂಟಿದೆ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಇಂಥದೇ ಕೊಳವೆ ಇಟ್ಟು ಗಾಯಕಿ ಗೌಹರ್ ಜಾನ್ ಹಾಡು ಹಿಡಿದರು. ಆಕೆ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು.

1925ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಮೈಕು ಮತ್ತು ಆಂಪ್ಲಿಫೈಯರ್ ಸ್ಟುಡಿಯೋಗಳಿಗೆ ಬಂದವು. ಅಲ್ಲಿಂದ ಮುಂದಿನ ಪ್ಲೇಟುಗಳಲ್ಲಿ ಬೇಸ್, ಅಂದರೆ ತಗ್ಗಿನ ಸ್ವರ, ಕೇಳಿ ನೋಡಿ, ವ್ಯತ್ಯಾಸ ತಾನಾಗಿ ಗೊತ್ತಾಗುತ್ತೆ.

ಪ್ರಶ್ನೆ: ನಮ್ಮದು ಐದು ಜನರ ಬ್ಯಾಂಡ್. ಹಳೇ ಕಾಲದ ಹಾಗೆ ಒಂದೇ ರಿಬ್ಬನ್ ಮೈಕಿನಲ್ಲಿ ರೆಕಾರ್ಡ್ ಮಾಡೋ ಆಸೆ. ಹೇಗೆ ನಿಲ್ಲಬೇಕು? (ಹುಬ್ಬಳ್ಳಿಯ ಓದುಗರು)

ಉತ್ತರ: 1930ರ ದಶಕದ ರಿಬ್ಬನ್ ಮೈಕು ಆರ್‌ಸಿಎ 44 ನಿಮಗೆ ಒಳ್ಳೆ ಮಾದರಿ. ಅದರಲ್ಲಿ ಆಯಸ್ಕಾಂತದ ನಡುವೆ ತೀರಾ ತೆಳುವಾದ ಅಲ್ಯೂಮಿನಿಯಂ ಪಟ್ಟಿ ತೂಗುತ್ತೆ, ಅದೇ ರಿಬ್ಬನ್. ಮುಂದಿನಿಂದಲೂ ಹಿಂದಿನಿಂದಲೂ ಬರುವ ಸದ್ದು ಒಂದೇ ಸಮ ಕೇಳುತ್ತೆ, ಎರಡು ಪಕ್ಕಗಳಿಗೆ ಮಾತ್ರ ಕಿವುಡು. ಹಳೇ ಆರ್‌ಸಿಎ ಹುಡುಕಬೇಡಿ, ದುಡ್ಡು ಜಾಸ್ತಿ, ರಿಪೇರಿಯೂ ಕಷ್ಟ. ಈಗಿನ ಸಾಮಾನ್ಯ ರಿಬ್ಬನ್ ಮೈಕೂ ಹೀಗೇ ಕೇಳಿಸಿಕೊಳ್ಳುತ್ತೆ.

ಹಾಡುವವರು ಮುಂದೆ ಎರಡು ಅಡಿ ದೂರ. ಇನ್ನೂ ಹತ್ತಿರ ಬಂದರೆ ದನಿ ಗುಂ ಅನ್ನುತ್ತೆ. ಗಿಟಾರ್ ಮೈಕಿನ ಹಿಂಬದಿಗೆ. ಟ್ರಂಪೆಟ್ ಮೈಕಿನಿಂದ ಆರೇಳು ಅಡಿ ದೂರವಿರಲಿ, ಸೋಲೋ ಬಂದಾಗ ಎರಡು ಹೆಜ್ಜೆ ಮುಂದೆ ಬಂದು ಹೋಗಲಿ. ಡ್ರಮ್ಮನ್ನು ಆ ಕಿವುಡು ಪಕ್ಕಕ್ಕೆ, ದೂರದಲ್ಲಿಡಿ. ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ಜನರನ್ನು ಸರಿಸಲಿ, ಮೈಕು ಮುಟ್ಟುವುದು ಬೇಡ. ಹಾಲ್ ಗಂವ್ವೆಂದರೆ ಪರದೆ, ಜಮಖಾನ ಹಾಕಿ. ಇದಕ್ಕೇ ಅರ್ಧ ದಿನ ಹೋಗುತ್ತೆ, ಹೋಗಲಿ ಬಿಡಿ.

ಮೈಕು ಪರೀಕ್ಷಿಸೋಕೆ ಫೂ ಎಂದು ಊದಲೇಬೇಡಿ. ಪಟ್ಟಿ ಹಿಗ್ಗಿದರೆ ಮುಗಿಯಿತು. ಮೈಕಿನ ಪುಸ್ತಕದಲ್ಲಿ ಬೇಕು ಅಂತ ಹೇಳಿರದಿದ್ದರೆ ಫ್ಯಾಂಟಮ್ ಪವರ್ (ಕೇಬಲಿನಲ್ಲೇ ಮೈಕಿಗೆ ಹೋಗುವ ಕರೆಂಟ್) ಆಫ್ ಮಾಡಿಡಿ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಉದ್ದುದ್ದ ಪಟ್ಟಿಗಳಿರುವ, ಹೊಳೆಯುವ ಮೈಕೊಂದು ಸಿಕ್ಕಿದೆ. ಬೆಲೆ ಬಾಳುತ್ತಾ? (ಓದುಗರು, ಶಿವಮೊಗ್ಗ)

ಉತ್ತರ: ಶೂರ್ ಕಂಪನಿಯ 55 ಇರಬಹುದು. 1939ರಿಂದ ಬಂದ ಮಾದರಿ, ತುಂಬಾ ಮಾರಾಟವಾಗಿದೆ, ನಕಲಿಗಳೂ ಬೇಕಾದಷ್ಟಿವೆ. ಮೈಮೇಲೆ ಕಂಪನಿ ಹೆಸರು, ಮಾದರಿ ಸಂಖ್ಯೆ ಇದೆಯಾ ನೋಡಿ. ಉಜ್ಜಿ ಪಾಲಿಶ್ ಮಾಡಬೇಡಿ, ಕೊಳ್ಳುವವರಿಗೆ ಹಳೇ ಬಣ್ಣವೇ ಬೇಕು.